ಬ್ರೋಕರ್‌ಗೆ ಹಳೆ ಕಾರು ಕೊಡುವ ಮುಂಚೆ

2019ರ ಒಂದು ಮಧ್ಯಾಹ್ನ ಅಪ್ಪನಿಗೆ ಘಟ್ಟದ ಮೇಲಿನ ಒಂದು ಪೊಲೀಸ್ ಠಾಣೆಯಿಂದ ಫೋನ್ ಬಂತು. "ನಿಮ್ಮ ಆಲ್ಟೊ ಸ್ಕೂಟರಿಗೆ ಗುದ್ದಿದೆ, ಬನ್ನಿ" ಎಂದರು. ಅಪ್ಪ ಉಡುಪಿಯ ಅಂಬಲಪಾಡಿಯ ಮನೆಯ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. ಆ ಆಲ್ಟೊ ಮಾರಿ ಆಗಲೇ ಹದಿನಾಲ್ಕು ತಿಂಗಳಾಗಿತ್ತು.

ಆದದ್ದು ಇಷ್ಟು. ಅಪ್ಪ ಕಾರನ್ನು ಒಬ್ಬ ಬ್ರೋಕರ್‌ಗೆ ಕೊಟ್ಟಿದ್ದರು. ದುಡ್ಡು ಸರಿಯಾಗಿಯೇ ಬಂದಿತ್ತು, ಅದರಲ್ಲಿ ಮೋಸ ಇಲ್ಲ. ಆದರೆ ಹೆಸರು ಬದಲಿಸಲು ಆರ್‌ಟಿಓಗೆ ಕೊಡುವ ಫಾರಂ 29 ಮತ್ತು 30ಕ್ಕೆ ಖಾಲಿ ಇರುವಾಗಲೇ ಸಹಿ ಹಾಕಿಸಿಕೊಂಡಿದ್ದರು. ಬ್ರೋಕರ್ ಅದನ್ನು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ಕಾರು ಮೂರು ಕೈ ದಾಟಿತು, ಆರ್‌ಸಿಯಲ್ಲಿ ಮಾತ್ರ ಅಪ್ಪನ ಹೆಸರು ಹಾಗೇ ಇತ್ತು. ಇನ್ಶೂರೆನ್ಸ್ ಬೇರೆ ಮುಗಿದಿತ್ತು. ಸ್ಕೂಟರಿನವರ ಕಾಲು ಮುರಿದಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ, ಪುಣ್ಯ. ಎಪ್ಪತ್ತೊಂದು ವರ್ಷದ ಅಪ್ಪ ನಾಲ್ಕು ಸಲ ಬಸ್ಸಿನಲ್ಲಿ ಆಗುಂಬೆ ಘಾಟಿ ಹತ್ತಿ ಇಳಿದರು.

"ಮಾರಿದ್ದೇವೆ ಅಂದರೆ ಆಗಲ್ವಾ?" ಎಂದು ವಕೀಲರನ್ನು ಕೇಳಿದ್ದೆ. ಆಗಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಇಂಥದ್ದೇ ಒಂದು ಪ್ರಕರಣದಲ್ಲಿ ಹೇಳಿಬಿಟ್ಟಿದೆ: ಕಾರು ಎಷ್ಟು ಜನರ ಕೈ ದಾಟಿದರೂ ಸರಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್. ಅಪಘಾತದ ಪರಿಹಾರದ ಭಾರ ಅವರ ಮೇಲೆ.

ಹಾಗಂತ ಬ್ರೋಕರ್‌ಗೆ ಮಾರಬಾರದು ಎನ್ನುವವಳಲ್ಲ ನಾನು. 2025ರ ಆಗಸ್ಟ್‌ನಲ್ಲಿ ನಮ್ಮ 2015ರ ವ್ಯಾಗನ್ ಆರ್ ಅನ್ನು ಅಂಥವರಿಗೇ ಕೊಟ್ಟೆ. ಮೊದಲು ನೇರವಾಗಿ ಮಾರಲು ನೋಡಿದ್ದು ನಿಜ. ನನ್ನದು ಮಣಿಪಾಲದಲ್ಲಿ ಲ್ಯಾಬ್ ಕೆಲಸ, ಶಿಫ್ಟ್ ಡ್ಯೂಟಿ. ರಾತ್ರಿ ಪಾಳಿ ಮುಗಿಸಿ ಮಲಗಿದರೆ "ಕಾರು ಉಂಟಾ? ಲಾಸ್ಟ್ ಎಷ್ಟು?" ಎಂಬ ಫೋನು. ಭಾನುವಾರ ಒಬ್ಬರು ಹೆಂಡತಿ, ಭಾವ, ಭಾವನ ಮೆಕ್ಯಾನಿಕ್, ಎರಡು ಮಕ್ಕಳ ಸಮೇತ ಬಂದು, ಕಾಫಿ ಕುಡಿದು, ಒಂದು ರೌಂಡ್ ಓಡಿಸಿ, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೋದರು. ಮನೆಯವರೆಲ್ಲ ಅಲ್ಲೇ ಇದ್ದರಲ್ಲ ಮಾರಾಯ್ರೆ! ಮೂರು ವಾರ ಇದೇ ಆದ ಮೇಲೆ ಮಧ್ಯದವರಿಗೆ ಸ್ವಲ್ಪ ಲಾಭ ಬಿಟ್ಟುಕೊಡುವುದು ನಷ್ಟ ಅಲ್ಲ ಅನ್ನಿಸಿತು. ಅದು ಅವರ ಕೂಲಿ. ಆದರೆ ಕೂಲಿ ಎಷ್ಟು ಅನ್ನುವುದು ನಮಗೆ ಮೊದಲೇ ಗೊತ್ತಿರಬೇಕು.

ಅವರ ಲೆಕ್ಕ ನೀವೇ ಹಾಕಿ

ಮರುಮಾರಾಟ ಮಾಡುವವರು ನಿಮ್ಮ ಕಾರಿನ ಬೆಲೆ ಕಟ್ಟುವುದು ಕೊನೆಯಿಂದ ಹಿಂದಕ್ಕೆ. ಗಿರಾಕಿ ಎಷ್ಟು ಕೊಡುತ್ತಾರೆ, ಅದರಲ್ಲಿ ರಿಪೇರಿ ಎಷ್ಟು, ಓಡಾಟ ಎಷ್ಟು, ತನಗೆ ಎಷ್ಟು, ಉಳಿದದ್ದು ನಿಮಗೆ. ಅದನ್ನೇ ನಾನೂ ಒಂದು ಹಳೆ ಲಗ್ನಪತ್ರಿಕೆಯ ಹಿಂದೆ ಬರೆದೆ. ನಮ್ಮದೇ ಮಾಡೆಲ್, ಅದೇ ವರ್ಷ, ಕೆಎ-19 ಅಥವಾ ಕೆಎ-20 (ಮಂಗಳೂರು, ಉಡುಪಿ) ನಂಬರಿನ ಕಾರುಗಳಿಗೆ ಆನ್‌ಲೈನಿನಲ್ಲಿ 3,30,000ದ ಸುತ್ತ ಹೇಳುತ್ತಿದ್ದರು. ಹೇಳುವ ರೇಟಿಗೆ ಯಾರೂ ಕೊಳ್ಳುವುದಿಲ್ಲ, 3,10,000ಕ್ಕೆ ಹೋಗಬಹುದು ಎಂದಿಟ್ಟುಕೊಂಡೆ. ನಮ್ಮ ಹಿಂದಿನ ಎರಡು ಟೈರಿನ ಬದಿಯಲ್ಲಿ 1419 ಎಂದಿತ್ತು. ಅಂದರೆ 2019ರ 14ನೇ ವಾರದಲ್ಲಿ ತಯಾರಾದದ್ದು. ಅದನ್ನು ಯಾರೂ ಬಿಡುವುದಿಲ್ಲ, 7,000 ಕಳೆದೆ. ಪಾಲಿಶ್, ಎಡಬಾಗಿಲ ಪೇಂಟಿಗೆ 8,000. ಟ್ರಾನ್ಸ್‌ಫರ್, ಓಡಾಟಕ್ಕೆ 5,000. ಅವರಿಗೆ 25,000. ಉಳಿದದ್ದು 2,65,000.

ಈ ನಂಬರು ಯಾರಿಗೂ ಹೇಳಬೇಡಿ. ಗಂಡನಿಗೆ ಹೇಳಿದರೂ ಚಹಾ ಕೊಡುವಾಗ ಬಾಯಿ ಬಿಡುತ್ತಾರೆ.

ಕನಿಷ್ಠ ಮೂರು ಕಡೆ ತೋರಿಸಿ. ಯಾವಾಗ ತೋರಿಸುತ್ತೀರಿ ಎನ್ನುವುದೂ ಮುಖ್ಯ. ನಮ್ಮ ಕಡೆ ತುಳುವಿನ ಆಟಿ ತಿಂಗಳಲ್ಲಿ ಗಾಡಿ ಕೊಳ್ಳುವುದಿಲ್ಲ ಎನ್ನುವವರು ಈಗಲೂ ತುಂಬ ಇದ್ದಾರೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬ್ರೋಕರುಗಳ ಅಂಗಳದಲ್ಲಿ ಕಾರುಗಳು ಮಳೆಗೆ ನೆನೆಯುತ್ತಾ ನಿಂತಿರುತ್ತವೆ. ಆಗ ಹೋದರೆ "ಈಗ ಮಾರ್ಕೆಟ್ ಇಲ್ಲ" ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಜುಲೈ ಕೊನೆಗೆ ನನಗೆ ಸಿಕ್ಕ ಮೊದಲ ಆಫರ್ 2,40,000. ಆಟಿ ಮುಗಿದು ಸೋಣ ಶುರುವಾದ ಮೇಲೆ, ಚೌತಿಗೂ ನವರಾತ್ರಿಗೂ ಸ್ಟಾಕ್ ಬೇಕಲ್ಲ, ಅವರೇ ಫೋನ್ ಮಾಡಿದರು. ಕಾಯುವುದಕ್ಕೆ ಆಗುವುದಾದರೆ ಮೂರು ವಾರ ಕಾಯಿರಿ.

ಕಾರು ತಯಾರು ಮಾಡುವ ವಿಷಯದಲ್ಲಿ ಜಾಸ್ತಿ ಖರ್ಚು ಬೇಡ. ಹೊಸ ಟೈರ್, ಟಿಂಕರಿಂಗ್ ಏನೂ ಮಾಡಿಸಬೇಡಿ. ನಮಗೆ 15,000 ಬೀಳುವ ಕೆಲಸ ಅವರಿಗೆ 8,000ಕ್ಕೆ ಆಗುತ್ತದೆ. ಒಂದೇ ಒಂದು ಕೆಲಸ ಮಾಡಿ, ಬೂಷ್ಟು ತೆಗೆಯಿರಿ. ಮಳೆಗಾಲದಲ್ಲಿ ನಾಲ್ಕು ದಿನ ನಿಂತ ಕಾರಿನ ಬಾಗಿಲು ತೆರೆದರೆ ಒದ್ದೆ ಗೋಣಿಚೀಲದ ವಾಸನೆ ಬರುತ್ತದೆ. ಸ್ಟೇರಿಂಗ್ ಮೇಲೆ, ಗೇರ್ ನಾಬ್ ಮೇಲೆ, ಎಲ್ಲಕ್ಕಿಂತ ಜಾಸ್ತಿ ಸೀಟ್ ಬೆಲ್ಟಿನ ಮೇಲೆ ಬಿಳಿ ಹುಡಿ. ಬೆಲ್ಟನ್ನು ಪೂರ್ತಿ ಹೊರಗೆ ಎಳೆದು, ಕ್ಲಿಪ್ ಹಾಕಿ ನಿಲ್ಲಿಸಿ, ಸೋಪು ನೀರಿನಲ್ಲಿ ಒರೆಸಿ ಒಣಗಿಸಿದೆ. ಮ್ಯಾಟ್ ಎತ್ತಿ ಕೆಳಗೆ ಎರಡು ದಿನ ಪೇಪರ್ ಹಾಸಿದೆ. ಖರ್ಚು ಮೂವತ್ತು ರೂಪಾಯಿ.

ಕಾರು ನೋಡಲು ಬಂದಾಗ

ಮಂಗಳೂರಿನ ಕೊಟ್ಟಾರ ಕಡೆಯಿಂದ ಒಬ್ಬ ಹುಡುಗ ಬಂದ. ಇಪ್ಪತ್ತೈದು ವರ್ಷ ಇರಬಹುದು. ಬಾನೆಟ್ ತೆರೆಯಲೇ ಇಲ್ಲ. ಮೊದಲು ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆ ನೋಡಿದ. ಕಂಪನಿಯ ಚುಕ್ಕೆಗಳು ಒಂದೇ ಅಂತರದಲ್ಲಿ ಗುಂಡಗಿರುತ್ತವೆ, ಗುದ್ದಿದ ಕಾರಿಗೆ ಮತ್ತೆ ಹಾಕಿದ್ದು ಹಾಗಿರುವುದಿಲ್ಲ. ಆಮೇಲೆ ಬೆರಳ ಗೆಣ್ಣಿನಿಂದ ಒಂದೊಂದು ಬಾಗಿಲು ತಟ್ಟುತ್ತಾ ಬಂದ, ಎಳನೀರು ಆರಿಸುವವರ ಹಾಗೆ. ಎಡಗಡೆ ಹಿಂದಿನ ಬಾಗಿಲಲ್ಲಿ ಸದ್ದು ಮಂಕಾಯಿತು. "ಇದು ಪೇಂಟ್ ಆಗಿದೆ ಅಲ್ವಾ?" ಎಂದ. ಆಗಿತ್ತು. 2021ರಲ್ಲಿ ಕಲ್ಸಂಕದ ಹತ್ತಿರ ರಿಕ್ಷಾ ಒರೆಸಿಕೊಂಡು ಹೋಗಿತ್ತು. ಬಿಲ್ ತೆಗೆದು ಕೊಟ್ಟೆ.

ಕೊನೆಗೆ ಡಿಕ್ಕಿ ತೆರೆದು ಸ್ಟೆಪ್ನಿ ಎತ್ತಿ ಆ ಗುಂಡಿಗೆ ಮೊಬೈಲ್ ಟಾರ್ಚ್ ಬಿಟ್ಟ. ಕೆಂಪು ತುಕ್ಕು. "ಕಡಲ ಗಾಳಿ" ಎಂದು ಅವನೇ ಹೇಳಿದ. ಮಲ್ಪೆಯ ಉಪ್ಪುಗಾಳಿಯಲ್ಲಿ ಹತ್ತು ವರ್ಷ ಇದ್ದ ಕಾರಿಗೆ ಅಷ್ಟೂ ಇಲ್ಲದಿದ್ದರೆ ಅದೇ ಅನುಮಾನ! ನಾನು ಹಿಂದಿನ ದಿನವೇ ಅದರ ಫೋಟೊ ಕಳಿಸಿದ್ದೆ. ಇದು ನನ್ನ ಖಾಸಗಿ ಸಲಹೆ: ಅವರಿಗೆ ಹೇಗೂ ಸಿಗುವ ಕುಂದನ್ನು ನೀವೇ ಮೊದಲು ತೋರಿಸಿ. ಅವರು ಕಂಡುಹಿಡಿದರೆ ಹತ್ತು ಸಾವಿರ ಇಳಿಸುತ್ತಾರೆ. ನೀವು ಹೇಳಿದ್ದರೆ ಇಳಿಸಲು ಬಾಯಿ ಬರುವುದಿಲ್ಲ.

ಆಮೇಲೆ ನಾಟಕ. ಹುಡುಗ ತೆಂಗಿನಮರದ ಬುಡಕ್ಕೆ ಹೋಗಿ ಧಣಿಗೆ ಫೋನ್ ಮಾಡಿದ. ಐದು ನಿಮಿಷ ತಲೆ ಅಲ್ಲಾಡಿಸಿ ವಾಪಸ್ ಬಂದು "ಎರಡು ನಲವತ್ತೈದು, ಮೇಡಂ. ಅದರ ಮೇಲೆ ಸಾಧ್ಯವೇ ಇಲ್ಲ" ಎಂದ. ನಾನು 2,85,000 ಹೇಳಿ ಸುಮ್ನೆ ಕೂತೆ. ಮಾತಾಡಿದಷ್ಟೂ ಇಳಿಯುವುದು ನಾವೇ, ಅದಕ್ಕೆ ಸುಮ್ನೆ ಕೂರುವುದೇ ಒಳ್ಳೆಯದು. "ಈಗ ಜಿಎಸ್‌ಟಿ ಶೇಕಡಾ 18 ಆಗಿದೆಯಲ್ಲ, ನಮಗೆ ಉಳಿಯುವುದೆಂತ?" ಎಂದ. ಈ ಮಾತು ನಿಮಗೂ ಹೇಳುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. 2025ರ ಜನವರಿಯಿಂದ ಹಳೆ ಕಾರಿನ ವ್ಯಾಪಾರಿಗಳಿಗೆ ಶೇಕಡಾ 18 ಆಗಿರುವುದು ನಿಜ. ನಮ್ಮಂಥ ಸಣ್ಣ ಕಾರಿಗೆ ಮುಂಚೆ 12 ಇತ್ತು. ಆದರೆ ತೆರಿಗೆ ಬೀಳುವುದು ಕಾರಿನ ಪೂರ್ತಿ ಬೆಲೆಗಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸಕ್ಕೆ. 2,65,000ಕ್ಕೆ ಕೊಂಡು 3,10,000ಕ್ಕೆ ಮಾರಿದರೆ ವ್ಯತ್ಯಾಸ 45,000. ಅದರ ಶೇಕಡಾ 18 ಅಂದರೆ 8,100. ಹಳೆ ದರದಲ್ಲಿ 5,400. ಜಾಸ್ತಿಯಾದದ್ದು 2,700 ರೂಪಾಯಿ, ಅವನು ಇಳಿಸಲು ನೋಡಿದ್ದು ಇಪ್ಪತ್ತು ಸಾವಿರ. ಜಾಸ್ತಿಯಾದದ್ದು ಇಷ್ಟೇ ಅಲ್ವಾ ಎಂದೆ. ಹುಡುಗ ನಕ್ಕುಬಿಟ್ಟ. ಮತ್ತೆ ತೆಂಗಿನಮರ, ಮತ್ತೆ ಫೋನು. 2,65,000ಕ್ಕೆ ಬಂದು ನಿಂತಿತು.

ಹೆಸರು ಬಿಡಿಸಿಕೊಳ್ಳುವುದು

ನಿಜ ಹೇಳಬೇಕೆಂದರೆ ಇದಕ್ಕಿಂತ ಜಾಸ್ತಿ ಕೊಡುವವರು ಉಡುಪಿಯಲ್ಲೇ ಒಬ್ಬರಿದ್ದರು. 2,72,000. ಅವರು ಹೇಳಿದ್ದು: "ಫಾರಂಗೆ ಸಹಿ ಹಾಕಿ ಕೊಡಿ, ಹೆಸರು ನಾವು ಆಮೇಲೆ ತುಂಬುತ್ತೇವೆ." ಅಪ್ಪ ಒಳಗಿನಿಂದ ಕೆಮ್ಮಿದರು. ಅಲ್ಲಿಗೆ ಮುಗಿಯಿತು.

ಅವರು ಯಾಕೆ ಹಾಗೆ ಕೇಳುತ್ತಾರೆ ಎನ್ನುವುದು ಅರ್ಥವಾಗುತ್ತದೆ. ಬ್ರೋಕರ್ ತನ್ನ ಹೆಸರಿಗೆ ಮಾಡಿಸಿಕೊಂಡರೆ ಫಸ್ಟ್ ಓನರ್ ಕಾರು ಸೆಕೆಂಡ್ ಓನರ್ ಆಗುತ್ತದೆ. ಮುಂದಿನ ಗಿರಾಕಿಗೆ ಅದು ಥರ್ಡ್. ಬೆಲೆ ಬೀಳುತ್ತದೆ. ಹಾಗಾಗಿ ಮಧ್ಯದ ಆ ತಿಂಗಳುಗಳಲ್ಲಿ ಕಾರು ಅವರ ಅಂಗಳದಲ್ಲಿ, ಹೆಸರು ನಮ್ಮ ತಲೆಯ ಮೇಲೆ.

ಈ ಸಂದನ್ನು ಮುಚ್ಚಲು ಈಗ ಒಂದು ದಾರಿ ಉಂಟು, ತುಂಬ ಜನರಿಗೆ ಗೊತ್ತಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದರು, 2023ರ ಏಪ್ರಿಲ್ 1ರಿಂದ ಜಾರಿ. ಅದರ ಪ್ರಕಾರ ಹಳೆ ಕಾರಿನ ವ್ಯಾಪಾರಿ ಆರ್‌ಟಿಓದಿಂದ ಅಧಿಕೃತ ಪತ್ರ ಪಡೆಯಬಹುದು. ಅದು ಫಾರಂ 29ಬಿ, ಐದು ವರ್ಷ ಚಾಲ್ತಿ. ಅಂಥ ವ್ಯಾಪಾರಿಗೆ ಕಾರು ಕೊಟ್ಟಾಗ ನೀವಿಬ್ಬರೂ ಸಹಿ ಹಾಕಿದ ಫಾರಂ 29ಸಿಯನ್ನು ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲಿನಲ್ಲಿ ಸಲ್ಲಿಸಬೇಕು. ಸಲ್ಲಿಸಿ ಸ್ವೀಕೃತಿ ನಂಬರ್ ಬಂದರೆ, ಕಾನೂನಿನ ಲೆಕ್ಕದಲ್ಲಿ ಅಲ್ಲಿಂದ ಅವರೇ ಓನರ್. ಆರ್‌ಸಿಯಲ್ಲಿ ಓನರ್ ಸಂಖ್ಯೆ ಜಾಸ್ತಿಯಾಗುವುದಿಲ್ಲ, ಹಾಗಾಗಿ ಅವರಿಗೂ ನಷ್ಟವಿಲ್ಲ. ಕಾರನ್ನು ಟ್ರಯಲ್, ರಿಪೇರಿ, ಎಫ್‌ಸಿಯಂಥ ಕೆಲಸಕ್ಕೆ ಬಿಟ್ಟು ಬೇರೆ ರಸ್ತೆಗಿಳಿಸುವಂತಿಲ್ಲ, ಓಡಾಟದ ಲೆಕ್ಕವನ್ನೂ ಇಡಬೇಕು. ಫೋನಿನಲ್ಲಿ ಮೊದಲು ರೇಟ್ ಕೇಳಬೇಡಿ, "29ಬಿ ಉಂಟಾ?" ಎಂದು ಕೇಳಿ. ನಾನು ಕೇಳಿದ ನಾಲ್ವರಲ್ಲಿ ಇಬ್ಬರಿಗೆ ಅದೇನೆಂದೇ ಗೊತ್ತಿರಲಿಲ್ಲ. ಕೊಟ್ಟಾರದವರ ಹತ್ತಿರ ಇತ್ತು. ಏಳು ಸಾವಿರ ಕಡಿಮೆಗೆ ಅವರಿಗೇ ಕೊಟ್ಟದ್ದು ಅದಕ್ಕೆ.

ಅಂಥವರು ಸಿಗದಿದ್ದರೆ? ನನ್ನ ಸಹೋದ್ಯೋಗಿಯೊಬ್ಬಳು ಕಿನ್ನಿಮುಲ್ಕಿಯವಳು, ಒಂದು ಉಪಾಯ ಮಾಡಿದಳು. ಬ್ರೋಕರ್‌ನಿಂದ ಕಾರಿನ ಬೆಲೆಯ ಮೇಲೆ 15,000 ಡೆಪಾಸಿಟ್ ಇಸಕೊಂಡಳು. ಮೂರು ತಿಂಗಳೊಳಗೆ ಆರ್‌ಸಿಯಲ್ಲಿ ಹೊಸ ಹೆಸರು ಬಂದ ದಿನ ವಾಪಸ್, ಇಲ್ಲದಿದ್ದರೆ ಇಲ್ಲ ಎಂದು ಡೆಲಿವರಿ ನೋಟಿನಲ್ಲೇ ಬರೆಸಿದಳು. ಎರಡೇ ತಿಂಗಳಲ್ಲಿ ಕೆಲಸ ಆಯಿತು.

ಡೆಲಿವರಿ ನೋಟನ್ನು ಎರಡೂ ಸಂದರ್ಭದಲ್ಲಿ ಬರೆಯಲೇಬೇಕು. ತಾರೀಕು ಸಾಲದು, ಗಂಟೆ ನಿಮಿಷವೂ ಬೇಕು. ಓಡೋಮೀಟರ್, ಎಂಜಿನ್ ಮತ್ತು ಚಾಸಿಸ್ ನಂಬರ್, ತೆಗೆದುಕೊಂಡವರ ವಿಳಾಸ, ಇಬ್ಬರು ಸಾಕ್ಷಿ, ಕೀ ಕೊಡುವಾಗಿನ ಒಂದು ಫೋಟೊ. ಆ ಹೊತ್ತಿನಿಂದ ದಂಡ, ಅಪಘಾತ ಎಲ್ಲ ಕೊಂಡವರ ಜವಾಬ್ದಾರಿ ಎಂದೂ ಬರೆಸಿ. ಅಷ್ಟಕ್ಕೇ ಸಮಾಧಾನ ಪಡಬೇಡಿ, ಇದು ನಿಮ್ಮಿಬ್ಬರ ನಡುವಿನ ಕಾಗದ. ಅಪ್ಪನ ಹತ್ತಿರವೂ ಒಂದಿತ್ತು. ಬ್ರೋಕರ್ ಬಾಗಿಲಿಗೆ ಹೋಗಿ ಕೂರಲು ಉಪಯೋಗಕ್ಕೆ ಬಂತು, ಕೋರ್ಟಿನಿಂದ ತಪ್ಪಿಸಲಿಲ್ಲ. ಇನ್ನು ಫಾರಂ 29, ಅಂದರೆ ಮಾರಿದ್ದೇನೆ ಎಂಬ ತಿಳಿವಳಿಕೆ, ಅದನ್ನು 14 ದಿನದೊಳಗೆ ಆರ್‌ಟಿಓಗೆ ಕೊಡಬೇಕಾದದ್ದು ಮಾರಿದವರ ಕೆಲಸ, ಬ್ರೋಕರ್‌ದಲ್ಲ. ಕೊಂಡವರ ಹೆಸರು ತುಂಬಿ, ಒಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿ ಇಟ್ಟುಕೊಳ್ಳಿ. ಕಾರು ತಲಪಾಡಿ ದಾಟಿ ಕಾಸರಗೋಡು ಕಡೆ ಹೋಗುವುದಾದರೆ ಫಾರಂ 28ರಲ್ಲಿ ಎನ್‌ಒಸಿ ಬೇಕು, ಕೆಎಲ್-14 ಆಗುವ ತನಕ ವಿಚಾರಿಸುತ್ತಾ ಇರಿ. ಸಾಲ ಇದ್ದ ಕಾರಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಆರ್‌ಸಿಯಲ್ಲಿರುವ ಸಾಲದ ನಮೂದು (ಎಚ್‌ಪಿ) ತೆಗೆಸಿ. ತೀರಿಹೋದವರ ಹೆಸರಲ್ಲಿದ್ದರೆ ಮೊದಲು ಫಾರಂ 31ರಲ್ಲಿ ನಿಮ್ಮ ಹೆಸರಿಗೆ ಮಾಡಿಸಿ.

ಆಧಾರ್ ಜೆರಾಕ್ಸ್ ಕೇಳುತ್ತಾರೆ. ಕೊಡಿ, ಆದರೆ ಅಡ್ಡಲಾಗಿ ಕಾರಿನ ನಂಬರ್, ತಾರೀಕು, "ಈ ಮಾರಾಟಕ್ಕೆ ಮಾತ್ರ" ಎಂದು ಬರೆದು. ಆನ್‌ಲೈನ್ ಅರ್ಜಿಗೆ ನಿಮ್ಮ ಮೊಬೈಲಿಗೆ ಒಟಿಪಿ ಬರುತ್ತದೆ. ದುಡ್ಡು ಬರುವ ಮುಂಚೆ ಅದನ್ನು ಹೇಳಬೇಡಿ.

ದುಡ್ಡಿನ ಬಗ್ಗೆ ಎರಡೇ ಮಾತು. ನಗದು ಎರಡು ಲಕ್ಷ ಅಥವಾ ಅದರ ಮೇಲೆ ತೆಗೆದುಕೊಳ್ಳುವಂತಿಲ್ಲ, ಆದಾಯ ತೆರಿಗೆಯವರ ದಂಡ ಬೀಳುವುದು ತೆಗೆದುಕೊಂಡವರಿಗೆ. "ಇವತ್ತು ಬ್ಯಾಂಕ್ ರಜೆ, ನಾಳೆ ಹಾಕುತ್ತೇವೆ" ಎಂಬ ನೆಪವೂ ಈಗ ನಡೆಯಲ್ಲ. 2020ರ ಡಿಸೆಂಬರಿನಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ ಇದೆ, ಭಾನುವಾರವೂ ಸೇರಿ. ಹುಡುಗ ಸ್ಕ್ರೀನ್‌ಶಾಟ್ ತೋರಿಸಿದ. ನನ್ನ ಬ್ಯಾಂಕ್ ಆ್ಯಪ್‌ನಲ್ಲಿ ಬ್ಯಾಲೆನ್ಸ್ ಕಾಣುವ ತನಕ ಕೀ ನನ್ನ ಕೈಯಲ್ಲೇ ಇತ್ತು. ಹನ್ನೊಂದು ನಿಮಿಷ, ಇಬ್ಬರೂ ಮಳೆ ನೋಡುತ್ತಾ ಕೂತೆವು.

ಇನ್ಶೂರೆನ್ಸಿನಲ್ಲಿ ಒಂದು ಲಾಭ ಮರೆಯಬೇಡಿ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಕಾರಿನದ್ದಲ್ಲ, ನಿಮ್ಮದು. ಮಾರಿದ ಕಾಗದ ತೋರಿಸಿ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ರಿಕ್ಷಾ ಒರೆಸಿದ್ದಕ್ಕೆ ನಾನು ಕ್ಲೇಮ್ ಮಾಡದೆ ಕೈಯಿಂದಲೇ ಕೊಟ್ಟಿದ್ದೆ. ಹಾಗಾಗಿ ಪೂರ್ತಿ ಶೇಕಡಾ 50 ಉಳಿದಿತ್ತು, ಹೊಸ ಕಾರಿನ ಓನ್ ಡ್ಯಾಮೇಜ್ (ನಮ್ಮದೇ ಕಾರಿನ ಹಾನಿಯ) ಪ್ರೀಮಿಯಂ ಅರ್ಧ ಆಯಿತು.

ಇಷ್ಟೆಲ್ಲ ಮಾಡಿ, ಬ್ಲೂಟೂತ್‌ನಿಂದ ಫೋನ್ ಅಳಿಸಿ, ಹಳೆ ದಂಡ ಪರಿವಾಹನ್‌ನಲ್ಲಿ ನೋಡಿ ಕಟ್ಟಿ, ಡ್ಯಾಶ್‌ಬೋರ್ಡಿನ ಗಣಪತಿಯನ್ನು ಎತ್ತಿಕೊಂಡು, ಗೇಟ್ ಹಾಕಿ ಒಳಗೆ ಬಂದೆ. ಮುಕ್ಕಾಲು ಗಂಟೆಯ ಮೇಲೆ ಮೊಬೈಲ್ ಟಿಣ್ ಎಂದಿತು. ಹೆಜಮಾಡಿ ಟೋಲ್, ನನ್ನ ಫಾಸ್ಟ್ಯಾಗ್‌ನಿಂದ ದುಡ್ಡು ಕಟ್. ಗಾಜಿನ ಮೇಲಿದ್ದ ಅದನ್ನು ಕೆರೆಯುವುದೇ ಮರೆತಿದ್ದೆ. ಕಿತ್ತರಷ್ಟೇ ಸಾಲದು, ಬ್ಯಾಂಕಿಗೆ ಹೇಳಿ ಟ್ಯಾಗ್ ಮುಚ್ಚಿಸಬೇಕು. ಕೂಡಲೇ ಫೋನ್ ಮಾಡಿ ಮುಚ್ಚಿಸಿದೆ.

ಮರುದಿನ ಬೆಳಿಗ್ಗೆ ಆ ಹುಡುಗನ ಫೋನು. "ಮೇಡಂ, ಸೀಟಿನ ಅಡಿಯಲ್ಲಿ ಒಂದು ಕೊಡೆ ಮತ್ತು ಎರಡು ಕೆಜಿ ಕುಚ್ಚಲಕ್ಕಿ ಉಂಟು, ಎಂತ ಮಾಡುವುದು?" ಅಕ್ಕಿ ನೀವೇ ಇಟ್ಟುಕೊಳ್ಳಿ ಎಂದೆ. ಕೊಡೆ ಅಮ್ಮನದ್ದು, ಹನ್ನೊಂದೂವರೆಯ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು.